'ಲಿಂಗೈಕ್ಯ', 'ನಿಧನ', 'ಸಾವು': ಧರ್ಮದ ಸುದ್ದಿಯಲ್ಲಿ ಕ್ರಿಯಾಪದವೇ ಪಕ್ಷ ಹಿಡಿದರೆ?

2019ರ ಜನವರಿ 21ರಂದು ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ನಿಧನರಾದರು.

ಈ ವಾಕ್ಯದಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಆದರೆ ತುಮಕೂರು ಜಿಲ್ಲೆಯ ಯಾವುದೇ ಊರಿನಲ್ಲಿ ಇದನ್ನು ಜೋರಾಗಿ ಓದಿ ನೋಡಿ. "ನಿಧನ ಅಂತ ಯಾಕ್ರೀ ಬರೀತೀರಾ, ಲಿಂಗೈಕ್ಯ ಅನ್ನಿ" ಅಂತ ಯಾರಾದರೊಬ್ಬರು ಹೇಳಿಯೇ ಹೇಳ್ತಾರೆ. ಆ ದಿನ ರಾಜ್ಯದ ಬಹುತೇಕ ಮಾಧ್ಯಮಗಳು ಬಳಸಿದ್ದೂ 'ಲಿಂಗೈಕ್ಯ', 'ಶಿವೈಕ್ಯ' ಎಂಬ ಪದಗಳನ್ನೇ. ಅದೇ ವರ್ಷ ಡಿಸೆಂಬರ್ 29ರಂದು ಉಡುಪಿಯ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ತೀರಿಕೊಂಡಾಗ ಪದ ಬದಲಾಯಿತು. ಅಲ್ಲಿ 'ಕೃಷ್ಣೈಕ್ಯ', 'ಬೃಂದಾವನಸ್ಥ' ಬಂದವು.

ಇಂಗ್ಲಿಷ್ ಪತ್ರಕರ್ತರಿಗೆ ಈ ತಲೆನೋವು ಕಡಿಮೆ. ರಾಜ ಸತ್ತರೂ ಪೋಪ್ ಸತ್ತರೂ ಅವರಿಗೆ 'ಡೈಡ್' ಒಂದೇ ಪದ ಸಾಕು. ಕನ್ನಡದಲ್ಲಿ ಹಾಗಿಲ್ಲ. ನಮ್ಮ ಭಾಷೆಯಲ್ಲಿ ಸಾವಿಗೆ ಜಾತಿ ಇದೆ, ಮತ ಇದೆ, ಅಂತಸ್ತು ಇದೆ. ಲಿಂಗೈಕ್ಯ, ವೈಕುಂಠವಾಸಿ, ಜಿನೈಕ್ಯ, ಪ್ರಭುವಿನಲ್ಲಿ ನಿದ್ರೆ, ವಫಾತ್, ದಿವಂಗತ, ನಿಧನ, ಮೃತ, ಸಾವು. ಇವುಗಳಲ್ಲಿ ಒಂದನ್ನು ಆರಿಸಿದ ಕ್ಷಣದಲ್ಲೇ ಬರೆಯುವವನು ಎಲ್ಲಿ ನಿಂತಿದ್ದಾನೆ ಅನ್ನೋದು ಗೊತ್ತಾಗಿಬಿಡುತ್ತದೆ.

ಧರ್ಮದ ವಿಷಯ ಬರೆಯುವಾಗ ತಟಸ್ಥವಾಗಿರಬೇಕು ಅಂತ ಎಲ್ಲರೂ ಹೇಳ್ತಾರೆ. ಆದರೆ ತಟಸ್ಥವಾಗಿರೋದು ಅಂದ್ರೆ ವಾಕ್ಯದ ಮಟ್ಟದಲ್ಲಿ ಏನು ಮಾಡೋದು? ಈ ಲೇಖನದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್‌ಗಳ ಉದಾಹರಣೆ ಇಟ್ಟುಕೊಂಡು ಅದನ್ನು ಬಿಡಿಸಿ ನೋಡೋಣ.

ಒಂದೇ ಅಳತೆಗೋಲು

ಮೊದಲು ಸಾವಿನ ಪದವನ್ನೇ ಮುಗಿಸೋಣ. 'ಲಿಂಗೈಕ್ಯರಾದರು' ಅನ್ನೋದು ಒಂದು ನಂಬಿಕೆಯ ಹೇಳಿಕೆ. ಜೀವ ಲಿಂಗದಲ್ಲಿ ಒಂದಾಯಿತು ಎಂಬ ತತ್ವ ಅದರೊಳಗಿದೆ. ವರದಿಗಾರ ನೋಡಿದ್ದು, ಅಥವಾ ವೈದ್ಯರು ದೃಢಪಡಿಸಿದ್ದು, ಸಾವನ್ನು ಮಾತ್ರ. ಹಾಗಂತ 'ಲಿಂಗೈಕ್ಯ' ಬಳಸಿದವರೆಲ್ಲ ಪಕ್ಷಪಾತಿಗಳು ಅನ್ನೋದು ಸರಿಯಲ್ಲ. ಎಷ್ಟೋ ಓದುಗರಿಗೆ ಅದು ಬರೀ ಗೌರವದ ಪದ.

ಸಮಸ್ಯೆ ಇರೋದು ಏಣಿಯಲ್ಲಿ. ಸ್ವಾಮೀಜಿ 'ಲಿಂಗೈಕ್ಯ', ಪಾದ್ರಿ 'ನಿಧನ', ಮೌಲ್ವಿ 'ಸಾವು' ಅಂತ ಒಂದೇ ಪುಟದಲ್ಲಿ ಬಂದರೆ ಯಾರ ಸಾವಿಗೆ ಎಷ್ಟು ತೂಕ ಅಂತ ಪತ್ರಿಕೆಯೇ ಬೆಲೆ ಕಟ್ಟಿದ ಹಾಗಾಯ್ತು. ಇದಕ್ಕೆ ಎರಡು ಪ್ರಾಮಾಣಿಕ ದಾರಿಗಳಿವೆ. ಎಲ್ಲರಿಗೂ ಅವರವರ ಸಂಪ್ರದಾಯದ ಪದ ಬಳಸೋದು ಒಂದು. ಎಲ್ಲರಿಗೂ ಒಂದೇ ಸಾಮಾನ್ಯ ಪದ ಬಳಸೋದು ಇನ್ನೊಂದು. ನನ್ನ ಒಲವು ಎರಡನೆಯದಕ್ಕೆ. 'ನಿಧನರಾದರು' ಅಂತ ಬರೆದು, ಭಕ್ತರ ಮಾತನ್ನು ಉಲ್ಲೇಖಿಸುವ ಕಡೆ 'ಲಿಂಗೈಕ್ಯ' ಎಂಬ ಪದವನ್ನು ಹಾಗೇ ಉಳಿಸಿಕೊಳ್ಳಬಹುದು.

ಈ ಒಲವಿಗೆ ಕಾರಣ ಇದೆ. 2022ರ ಫೆಬ್ರವರಿ 5ರಂದು ಮಹಾಲಿಂಗಪುರದ ಇಬ್ರಾಹಿಂ ಸುತಾರ ತೀರಿಕೊಂಡರು. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ, ವಚನ ಮತ್ತು ತತ್ವಪದಗಳ ಪ್ರವಚನ ಮಾಡುತ್ತಾ ಊರೂರು ತಿರುಗಿದ, 'ಕನ್ನಡದ ಕಬೀರ' ಅಂತ ಜನ ಕರೆದ, 2018ರಲ್ಲಿ ಪದ್ಮಶ್ರೀ ಪಡೆದ ವ್ಯಕ್ತಿ. ಅವರಿಗೆ ಯಾವ ಸಂಪ್ರದಾಯದ ಕ್ರಿಯಾಪದ ಹಾಕ್ತೀರಿ? ಸಾಮಾನ್ಯ ಪದವೇ ಅಲ್ಲಿ ನಮ್ಮನ್ನು ಕಾಪಾಡೋದು.

'ಬಂದರು', 'ಬಂದ': ಬಹುವಚನದ ರಾಜಕೀಯ

ಎರಡನೇ ಬಲೆ ವ್ಯಾಕರಣದಲ್ಲೇ ಇದೆ. ಕನ್ನಡದಲ್ಲಿ ಯಾರ ಬಗ್ಗೆ ಬರೆದರೂ ಏಕವಚನವೋ ಬಹುವಚನವೋ ಅಂತ ತೀರ್ಮಾನ ಮಾಡಲೇಬೇಕು. ತಪ್ಪಿಸಿಕೊಳ್ಳೋಕೆ ಆಗಲ್ಲ.

ದೇವರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಶಿವಭಕ್ತರು 'ಶಿವ ಮೆಚ್ಚಿದ' ಅಂತ ಏಕವಚನದಲ್ಲೇ ಹೇಳ್ತಾರೆ, ಅದು ಸಲುಗೆ. ಹಳೆಯ ಕನ್ನಡ ಬೈಬಲ್ ಅನುವಾದದಲ್ಲಿ ಯೇಸುವಿಗೂ ಏಕವಚನವೇ. ಆದರೆ ಕನ್ನಡದ ಮುಸ್ಲಿಂ ಬರಹಗಾರರು 'ಪ್ರವಾದಿ ಮುಹಮ್ಮದರು' ಅಂತ ಬಹುವಚನ ಬಳಸ್ತಾರೆ. 'ಬಸವಣ್ಣ ಹೇಳಿದ' ಎಂಬುದು ಪ್ರೀತಿಯೂ ಆಗಬಹುದು, ಕೇಳುವವರು ಯಾರು ಅನ್ನೋದರ ಮೇಲೆ ಅಗೌರವವೂ ಆಗಬಹುದು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿದ ಮೇಲಂತೂ ಸುದ್ದಿಬರಹದಲ್ಲಿ 'ಬಸವಣ್ಣನವರು' ಎಂಬುದೇ ರೂಢಿ.

ಇಲ್ಲಿ ಸರಳ ನಿಯಮ ಸಾಕು. ದೇವರಿಗೆ ಆ ದೇವರನ್ನು ನಂಬುವವರು ಬಳಸುವ ರೂಪ. ಮನುಷ್ಯರಿಗೆ, ಧರ್ಮ ಸಂಸ್ಥಾಪಕರಿಂದ ಹಿಡಿದು ಜಾತ್ರೆಯಲ್ಲಿ ಕಡ್ಲೆಪುರಿ ಮಾರುವವರ ತನಕ, ಬಹುವಚನ.

ನಿಜವಾದ ಪರೀಕ್ಷೆ ಬರೋದು ಕ್ರೈಂ ಸುದ್ದಿಯಲ್ಲಿ. ಉದಾಹರಣೆಗೆ ಎರಡು ಶೀರ್ಷಿಕೆ ಕಲ್ಪಿಸಿಕೊಳ್ಳಿ. 'ವಂಚನೆ ಆರೋಪ: ಅರ್ಚಕರೊಬ್ಬರ ಬಂಧನ'. 'ವಂಚನೆ ಆರೋಪ: ಸಿಕ್ಕಿಬಿದ್ದ ಮೌಲ್ವಿ'. ಕಾನೂನಿನ ಸೆಕ್ಷನ್ ಒಂದೇ, ಆರೋಪ ಒಂದೇ. ಒಬ್ಬರಿಗೆ 'ಅರು' ಇದೆ, ಇನ್ನೊಬ್ಬರಿಗೆ ಅದು ಹೋಗಿದೆ. ಒಬ್ಬರ ಬಂಧನವಾಗಿದೆ, ಇನ್ನೊಬ್ಬ 'ಸಿಕ್ಕಿಬಿದ್ದಿದ್ದಾನೆ', ಅಂದರೆ ಅಪರಾಧ ಆಗಲೇ ಸಾಬೀತಾದ ಧ್ವನಿ. ಬರೆದವರಿಗೆ ದ್ವೇಷ ಇರಬೇಕಾಗಿಲ್ಲ, ಅಭ್ಯಾಸಬಲ ಸಾಕು. ವರದಿ ಕಳಿಸೋ ಮುಂಚೆ ಧರ್ಮದ ಹೆಸರು ಅದಲುಬದಲು ಮಾಡಿ ಓದಿ ನೋಡೋದು ಒಳ್ಳೆಯ ಉಪಾಯ. ಓದಿದಾಗ ಕಿವಿಗೆ ವಿಚಿತ್ರ ಅನಿಸಿದರೆ ವಾಕ್ಯದಲ್ಲೇ ಏನೋ ಐಬು ಇದೆ.

ಎಡೆಯೂರು, ಕಗ್ಗೆರೆ: ನಂಬಿಕೆಗೂ ಜಾಗ ಕೊಡೋದು ಹೇಗೆ?

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಕುಣಿಗಲ್ ದಾಟಿದ ಮೇಲೆ ಎಡೆಯೂರು ಸಿಗುತ್ತದೆ. ಅಲ್ಲಿನ ದೇವಾಲಯ ತೋಂಟದ ಸಿದ್ಧಲಿಂಗೇಶ್ವರರ ಸಮಾಧಿಯ ಸ್ಥಳ. ವಿದ್ವಾಂಸರು ಅವರ ಕಾಲವನ್ನು 15-16ನೇ ಶತಮಾನ ಅಂತ ಗುರುತಿಸುತ್ತಾರೆ. 'ಷಟ್‌ಸ್ಥಲ ಜ್ಞಾನಸಾರಾಮೃತ' ಅವರ ವಚನಗಳ ಕೃತಿ. ಅಲ್ಲಿಂದ ಸ್ವಲ್ಪ ದೂರದ ಕಗ್ಗೆರೆಯಲ್ಲಿ, ನಾಗಿನಿ ನದಿಯ ದಂಡೆಯಲ್ಲಿ, ಅವರು ತಪಸ್ಸು ಮಾಡಿದರು, ಮೈಮೇಲೆ ಹುತ್ತ ಬೆಳೆಯಿತು, ಹಸುವೊಂದು ಬಂದು ಹುತ್ತಕ್ಕೆ ಹಾಲು ಕರೆಯುತ್ತಿತ್ತು ಅನ್ನೋದು ಭಕ್ತರ ಕಥನ. ತೋಟದಲ್ಲಿ ತಪಸ್ಸಿಗೆ ಕೂತಿದ್ದರಿಂದಲೇ 'ತೋಂಟದ' ಎಂಬ ಹೆಸರು ಅಂತಾರೆ.

ಈಗ ಬರೆಯೋದು ಹೇಗೆ? ಒಂದು ಬಗೆ: 'ಪವಾಡಪುರುಷರ ಮೇಲೆ ಹುತ್ತ ಬೆಳೆಯಿತು'. ಇನ್ನೊಂದು ಬಗೆ: 'ಹುತ್ತ ಬೆಳೆಯಿತೆಂಬ ಕಟ್ಟುಕತೆಯನ್ನು ಜನ ಇಂದಿಗೂ ನಂಬುತ್ತಾರೆ'. ಮೊದಲನೆಯದರಲ್ಲಿ ವರದಿಗಾರ ಭಕ್ತನಾಗಿದ್ದಾನೆ. ಎರಡನೆಯದರಲ್ಲಿ ಭಕ್ತರಿಗೆ ಪಾಠ ಮಾಡೋ ಮೇಷ್ಟ್ರಾಗಿದ್ದಾನೆ. ಎರಡರಲ್ಲೂ ಓದುಗರಿಗೆ ಬೇಕಾದ ಮಾಹಿತಿ ಒಂದೇ: ಹೀಗೊಂದು ಕಥನ ಇದೆ, ಅದನ್ನು ಹೇಳುವವರು ಇವರು, ಅದರಿಂದಾಗಿ ಈ ಜಾಗಕ್ಕೆ ಈ ಮಹತ್ವ. 'ಮೈಮೇಲೆ ಹುತ್ತ ಬೆಳೆಯಿತು ಎಂದು ಭಕ್ತರು ನಂಬುತ್ತಾರೆ' ಎಂದರೆ ಸಾಕು. ಅದರಲ್ಲಿ ಅವಮಾನವೂ ಇಲ್ಲ, ಪ್ರಮಾಣಪತ್ರವೂ ಇಲ್ಲ.

ಇದೇ ಎಚ್ಚರ ಗುಬ್ಬಿಯಲ್ಲೂ ಬೇಕು. ಗುಬ್ಬಿಯ ಗೋಸಲ ಚನ್ನಬಸವೇಶ್ವರರು ಸಿದ್ಧಲಿಂಗೇಶ್ವರರ ಗುರುಗಳು ಅನ್ನೋದು ಪರಂಪರೆಯ ಮಾತು. 'ಪರಂಪರೆಯ ಪ್ರಕಾರ' ಎಂಬ ಎರಡು ಪದ ಸೇರಿಸಿದರೆ ನಷ್ಟ ಏನೂ ಇಲ್ಲ. ಆದರೆ 'ಎಂದು ನಂಬಲಾಗಿದೆ' ಎಂಬ ಪ್ರಯೋಗವನ್ನು ಎಲ್ಲ ವಾಕ್ಯಕ್ಕೂ ಬಾಲಂಗೋಚಿಯ ಹಾಗೆ ಅಂಟಿಸಿದರೆ ಅದೇ ವ್ಯಂಗ್ಯ ಆಗಿಬಿಡುತ್ತೆ. ಅದರಲ್ಲೂ ಹಿಂದೂ ಕಥೆಗೆ 'ನಡೆಯಿತು', ಮುಸ್ಲಿಂ ದರ್ಗಾದ ಕಥೆಗೆ 'ಎಂಬ ನಂಬಿಕೆ ಇದೆ' ಅಂತ ಹಾಕಿದರೆ ಮತ್ತೆ ಅದೇ ಏಣಿ.

ಗುಬ್ಬಿಯ ಮಿಷನರಿ, ಕಲ್ಲಿನ ಶಾಸನ

ಗುಬ್ಬಿ ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ವೆಸ್ಲಿಯನ್ ಮಿಷನ್ನಿನ ಕೇಂದ್ರಗಳಲ್ಲಿ ಒಂದಾಗಿತ್ತು. ಅಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಆ ಕಾಲದ ಮಿಷನರಿ ಬರಹಗಳಲ್ಲಿ ಊರು, ರಸ್ತೆ, ಸಂತೆ, ಜನಜೀವನದ ವಿವರ ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳ ಸಾಮಾನ್ಯ ಪದಕೋಶದಲ್ಲಿ ಇಲ್ಲಿನ ಜನ 'ಹೀದನ್', ಇಲ್ಲಿನ ದೇವರು 'ಐಡಲ್'. ಮಾಹಿತಿಯ ಜೊತೆಗೇ ತೀರ್ಪೂ ಬರುತ್ತದೆ. ಬರೆದವರ ಉದ್ದೇಶ ಮತಪ್ರಚಾರ, ಅದನ್ನವರು ಮುಚ್ಚಿಟ್ಟೂ ಇರಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಿ. 1904ರಲ್ಲಿ ಬಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೇ ಸಂಪುಟ, ತುಮಕೂರು ಜಿಲ್ಲೆಯ ಶಾಸನಗಳು. ಸಂಪಾದಕರು ಬಿ.ಎಲ್. ರೈಸ್. ವಿಶೇಷ ಏನಂದ್ರೆ ರೈಸ್ ಕೂಡ ಮಿಷನರಿಯ ಮಗ, ಬೆಂಗಳೂರಲ್ಲೇ ಹುಟ್ಟಿದವರು. ಆದರೆ ಆ ಸಂಪುಟದ ಕಟ್ಟೋಣವೇ ಬೇರೆ. ಕಲ್ಲಿನ ಮೇಲಿರುವ ಪಠ್ಯ ಒಂದು ಕಡೆ, ಅದರ ಅನುವಾದ ಇನ್ನೊಂದು ಕಡೆ, ಸಂಪಾದಕರ ಊಹೆ-ವಿಶ್ಲೇಷಣೆ ಪೀಠಿಕೆಯಲ್ಲಿ. ಶಾಸನದಲ್ಲಿ ದಾನ ಕೊಟ್ಟವರಿಗೆ ಪುಣ್ಯ, ಕಿತ್ತುಕೊಂಡವರಿಗೆ ಪಾಪ ಅಂತ ಇದ್ದರೆ ಅದು ಶಾಸನದ ಮಾತಾಗಿಯೇ ಉಳಿಯುತ್ತದೆ. ರೈಸ್ ಅವರ ತೀರ್ಮಾನಗಳನ್ನು ನಂತರದ ವಿದ್ವಾಂಸರು ಅಲ್ಲಲ್ಲಿ ತಿದ್ದಿದ್ದಾರೆ. ಹಾಗೆ ತಿದ್ದೋಕೆ ಸಾಧ್ಯವಾಗಿದ್ದೇ ಮೂಲಪಠ್ಯ ಬೇರೆ, ತೀರ್ಮಾನ ಬೇರೆ ಅಂತ ಇಟ್ಟಿದ್ದರಿಂದ.

ಇಂಜಿನಿಯರಿಂಗ್ ಓದಿದವರಿಗೆ ಲ್ಯಾಬ್ ರೆಕಾರ್ಡ್ ನೆನಪಿರುತ್ತೆ. ರೀಡಿಂಗ್ ಒಂದು ಕಾಲಂ, ಲೆಕ್ಕಾಚಾರ ಇನ್ನೊಂದು, ರಿಸಲ್ಟ್ ಕೊನೆಗೆ. ರಿಸಲ್ಟ್ ಮೊದಲೇ ಗೊತ್ತು ಅಂತ ರೀಡಿಂಗ್ ತಿದ್ದಿದರೆ ಪ್ರಯೋಗಕ್ಕೆ ಬೆಲೆಯಿಲ್ಲ. ಧರ್ಮದ ವರದಿಯಲ್ಲೂ ಕಂಡದ್ದು, ಕೇಳಿದ್ದು, ಅಂದುಕೊಂಡದ್ದು ಬೇರೆ ಬೇರೆ ಕಾಲಂಗಳಲ್ಲಿರಬೇಕು. ಜಾತ್ರೆಗೆ 'ಲಕ್ಷಾಂತರ ಭಕ್ತರು' ಬಂದರು ಅನ್ನೋದು ಸಾಮಾನ್ಯವಾಗಿ ಮೂರನೇ ಕಾಲಂನ ಮಾತು. ಪೊಲೀಸರ ಅಂದಾಜು ಎಷ್ಟು, ಆಡಳಿತ ಮಂಡಳಿಯ ಅಂದಾಜು ಎಷ್ಟು ಅಂತ ಬರೆದರೆ ಅದು ಎರಡನೆಯದಕ್ಕೆ ಬರುತ್ತದೆ.

ಯಾರ ಬಾಯಿಂದ ಬಂದ ಮಾತು?

'ಕೇಳಿದ್ದು' ಎಂಬ ಕಾಲಂ ಎಷ್ಟು ಮುಖ್ಯ ಅನ್ನೋದಕ್ಕೆ ತುಮಕೂರಿನದ್ದೇ ಉದಾಹರಣೆ ಇದೆ. 2017ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಹೋರಾಟ ಜೋರಾಗಿತ್ತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸಿದ್ಧಗಂಗಾ ಮಠಕ್ಕೆ ಭೇಟಿ ಕೊಟ್ಟ ಆಗಿನ ಸಚಿವ ಎಂ.ಬಿ. ಪಾಟೀಲ, ಶಿವಕುಮಾರ ಸ್ವಾಮೀಜಿ ಪ್ರತ್ಯೇಕ ಧರ್ಮದ ಬೇಡಿಕೆಗೆ ಬೆಂಬಲ ಸೂಚಿಸಿದ್ದಾರೆ ಅಂತ ಹೇಳಿದರು. ಅದರ ಬೆನ್ನಿಗೇ ಮಠದ ಕಡೆಯಿಂದ ಬೇರೆಯೇ ಸ್ಪಷ್ಟನೆ ಬಂತು, ವೀರಶೈವ ಮತ್ತು ಲಿಂಗಾಯತ ಬೇರೆ ಬೇರೆ ಅಲ್ಲ ಅಂತ.

'ಪ್ರತ್ಯೇಕ ಧರ್ಮಕ್ಕೆ ಸಿದ್ಧಗಂಗಾ ಶ್ರೀ ಬೆಂಬಲ' ಎಂಬ ಶೀರ್ಷಿಕೆ ಒಂದು ದಿನವೂ ಬಾಳುವಂಥದ್ದಲ್ಲ. 'ಶ್ರೀಗಳ ಬೆಂಬಲವಿದೆ: ಸಚಿವ ಪಾಟೀಲ' ಎಂಬ ಶೀರ್ಷಿಕೆ ಇವತ್ತಿಗೂ ನಿಜ. ವ್ಯತ್ಯಾಸ ಇರೋದು ಒಂದು ಹೆಸರು, ಒಂದು ವಿವರಣ ಚಿಹ್ನೆಯಲ್ಲಿ.

ಈ ವಿವಾದ ಪದಗಳಿಗೂ ಬಣ್ಣ ಹಚ್ಚಿತು. ನಾಗಮೋಹನ್ ದಾಸ್ ನೇತೃತ್ವದ ಸಮಿತಿಯ ವರದಿ ಆಧರಿಸಿ 2018ರ ಮಾರ್ಚ್ 19ರಂದು ರಾಜ್ಯ ಸಚಿವ ಸಂಪುಟ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನಕ್ಕೆ ಶಿಫಾರಸು ಮಾಡಲು ಒಪ್ಪಿತು. ಕೇಂದ್ರ ಅದನ್ನು ಒಪ್ಪಲಿಲ್ಲ. ಆಮೇಲೆ 'ವೀರಶೈವ', 'ಲಿಂಗಾಯತ', 'ವೀರಶೈವ-ಲಿಂಗಾಯತ' ಈ ಮೂರೂ ಬರೀ ಹೆಸರಾಗಿ ಉಳಿಯಲಿಲ್ಲ, ನಿಲುವುಗಳಾದವು. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯಲ್ಲಿ ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಎಂಬ ಚರ್ಚೆ ಮತ್ತೆ ಎದ್ದಾಗ ಇದು ಇನ್ನೊಮ್ಮೆ ಕಂಡಿತು. ಹಾಗಾದರೆ ಎಡೆಯೂರಿನ ಸಿದ್ಧಲಿಂಗೇಶ್ವರರನ್ನು ಯಾವ ಸಂತ ಅಂತ ಬರೆಯೋದು? ಸುದ್ದಿಗೆ ಆ ವಿಶೇಷಣ ಬೇಡದಿದ್ದರೆ ಬಿಡಬಹುದು. ಬೇಕೇ ಇದ್ದರೆ ಸಂಬಂಧಪಟ್ಟ ಸಂಸ್ಥೆ ತನ್ನನ್ನು ಏನೆಂದು ಕರೆದುಕೊಳ್ಳುತ್ತದೋ ಅದನ್ನು ಬಳಸಿ, ಆ ಹೆಸರಿನ ಬಗ್ಗೆ ತಕರಾರಿದೆ ಅನ್ನೋದನ್ನು ಒಂದು ಸಾಲಿನಲ್ಲಿ ಹೇಳಬಹುದು.

ಸರಿಯಾದ ಪದ, ತಪ್ಪು ಭಾವ

ಕೆಲವೊಮ್ಮೆ ತಿಳಿವಳಿಕೆಯ ಕೊರತೆಯೇ ಧ್ವನಿ ಕೆಡಿಸುತ್ತೆ. ತುಮಕೂರಿನ ಹತ್ತಿರದ ಮಂದಾರಗಿರಿ ಬೆಟ್ಟದಲ್ಲಿ ಜೈನ ಬಸದಿಗಳಿವೆ. ದಿಗಂಬರ ಮುನಿಗಳ ಬಗ್ಗೆ ಬರೆಯುವಾಗ 'ಬೆತ್ತಲೆ ಸನ್ಯಾಸಿ' ಅನ್ನೋದು ವಾಸ್ತವ ಅಂತ ಕೆಲವರು ವಾದಿಸಬಹುದು. ಆದರೆ 'ದಿಗಂಬರ' ಎಂಬ ಪದ ಕನ್ನಡದಲ್ಲೇ ಇದೆ, ಎಲ್ಲರಿಗೂ ಅರ್ಥವಾಗುತ್ತೆ, ಅದು ಒಂದು ವ್ರತದ ಹೆಸರು. ಸಲ್ಲೇಖನವೂ ಹಾಗೆಯೇ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಅಂತ ನೋಡಿತು, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹೀಗಿರುವಾಗ 'ಆತ್ಮಹತ್ಯೆ' ಅಂತ ಬರೆಯೋದು ಒಂದು ತೀರ್ಪು, 'ಮೋಕ್ಷ ಪಡೆದರು' ಅನ್ನೋದು ಇನ್ನೊಂದು ತೀರ್ಪು. 'ಸಲ್ಲೇಖನ ವ್ರತ ಕೈಗೊಂಡು ಆಹಾರ ತ್ಯಜಿಸಿ ನಿಧನರಾದರು' ಅಂದರೆ ನಡೆದದ್ದು ಪೂರ್ತಿ ತಿಳಿಯುತ್ತದೆ.

ಮೊಹರಂ ಬಂದಾಗ ಪ್ರತಿ ವರ್ಷ 'ಶುಭಾಶಯ' ಕೋರುವ ಪೋಸ್ಟರ್‌ಗಳು ಕಾಣ್ತವೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನ್ ಕೊಲ್ಲಲ್ಪಟ್ಟ ನೆನಪು ಅದು, ಶಿಯಾ ಮುಸ್ಲಿಮರಿಗೆ ಶೋಕದ ದಿನ. ಹಾಗಂತ 'ಶೋಕಾಚರಣೆ' ಅಂತಷ್ಟೇ ಬರೆದರೂ ಪೂರ್ತಿ ಆಗಲ್ಲ. ಯಾಕಂದ್ರೆ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅದು ಬಾಬಯ್ಯನ ಹಬ್ಬ, ಹಿಂದೂಗಳೂ ಪಂಜಾಕ್ಕೆ ಹರಕೆ ಹೊರುತ್ತಾರೆ, ಹುಲಿವೇಷ ಕಟ್ಟುತ್ತಾರೆ. ನೀವು ಬರೆಯುತ್ತಿರುವ ಊರಿನಲ್ಲಿ ಅದು ಹೇಗೆ ನಡೆಯುತ್ತೆ ಅಂತ ಹೋಗಿ ನೋಡಿಯೇ ಬರೆಯಬೇಕು.

ಧ್ವನಿ ಕೆಟ್ಟರೆ ಏನಾಗುತ್ತೆ?

ಇದೆಲ್ಲ ಪದಗಳ ನಾಜೂಕು ಅಷ್ಟೇ ಅಲ್ವಾ ಅಂತ ಅನ್ನಿಸಬಹುದು. 2020ರ ಮಾರ್ಚ್-ಏಪ್ರಿಲ್ ನೆನಪಿಸಿಕೊಳ್ಳಿ. ದೆಹಲಿಯ ತಬ್ಲಿಘಿ ಜಮಾತ್ ಸಭೆಯಲ್ಲಿದ್ದ ಕೆಲವರಿಗೆ ಕೊರೊನಾ ಬಂದಿದ್ದು ನಿಜ, ಅದು ಸುದ್ದಿಯೂ ಹೌದು. ಆದರೆ ಆ ಸುದ್ದಿ ಒಂದು ಸಭೆಯಿಂದ ಒಂದು ಸಂಘಟನೆಗೆ, ಅಲ್ಲಿಂದ ಇಡೀ ಸಮುದಾಯಕ್ಕೆ ಹಬ್ಬಿತು. 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳದ್ದೇ ಸ್ವನಿಯಂತ್ರಣ ಸಂಸ್ಥೆಯಾದ ಎನ್‌ಬಿಎಸ್‌ಎ, ಆ ಸಮಯದ ಕಾರ್ಯಕ್ರಮಗಳಿಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಆಕ್ಷೇಪ ಬರೀ ಮಾಹಿತಿಯ ಬಗ್ಗೆ ಇರಲಿಲ್ಲ, ಧ್ವನಿ ಮತ್ತು ಭಾಷೆಯ ಬಗ್ಗೆಯೂ ಇತ್ತು. ಆದರೆ ಆದೇಶ ಬರುವಷ್ಟರಲ್ಲಿ ವರ್ಷ ಕಳೆದಿತ್ತು. ಒಂದು ಬೀದಿಯಲ್ಲಿ ತರಕಾರಿ ಮಾರುವವರ ಹೆಸರು ಕೇಳಿ ಗಿರಾಕಿ ತಿರುಗಿ ಹೋದರೆ, ಆ ನಷ್ಟವನ್ನು ಯಾವ ದಂಡವೂ ತುಂಬಿಕೊಡೋದಿಲ್ಲ.

ಕಾನೂನೂ ಇದೆ. ಧಾರ್ಮಿಕ ಭಾವನೆಗೆ ದುರುದ್ದೇಶದಿಂದ ಧಕ್ಕೆ ತರುವುದು ಈಗಿನ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್‌ಗೆ, ಗುಂಪುಗಳ ನಡುವೆ ದ್ವೇಷ ಹಚ್ಚುವುದು 196ನೇ ಸೆಕ್ಷನ್‌ಗೆ ಬರುತ್ತದೆ. ಆದರೆ ಕೇಸಿನ ಭಯಕ್ಕೆ ಬರೆದದ್ದು ತಟಸ್ಥ ಬರಹ ಆಗೋದಿಲ್ಲ, ಪುಕ್ಕಲು ಬರಹ ಆಗುತ್ತೆ.

ತಟಸ್ಥ ಅಂದರೆ ಮೌನ ಅಲ್ಲ

ಇಲ್ಲೇ ಹೆಚ್ಚಿನವರು ಎಡವೋದು. ದಲಿತರನ್ನು ದೇವಸ್ಥಾನದ ಒಳಗೆ ಬಿಡಲಿಲ್ಲ ಅಂತಿಟ್ಟುಕೊಳ್ಳಿ. ಅದನ್ನು 'ದೇಗುಲ ಪ್ರವೇಶ ವಿಚಾರ: ಎರಡು ಗುಂಪುಗಳ ನಡುವೆ ವಾಗ್ವಾದ' ಅಂತ ಬರೆದರೆ ಕೇಳೋಕೆ ಸಮತೋಲನದ ಹಾಗಿದೆ. ವಾಸ್ತವದಲ್ಲಿ ಅದು ತಡೆದವರ ರಕ್ಷಣೆಗೆ ನಿಂತ ವಾಕ್ಯ. 'ಪ್ರವೇಶ ನಿರಾಕರಿಸಲಾಯಿತು' ಎಂಬ ಕರ್ಮಣಿ ಪ್ರಯೋಗವೂ ಅಷ್ಟೇ, ನಿರಾಕರಿಸಿದವರು ಯಾರು ಅನ್ನೋದನ್ನು ವ್ಯಾಕರಣವೇ ನುಂಗಿಬಿಡುತ್ತೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, 1955ರ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧ ಮಾಡಿದೆ. ಯಾರು ತಡೆದರು, ಯಾರನ್ನು ತಡೆದರು, ಎಷ್ಟು ಹೊತ್ತಿಗೆ, ಏನು ಹೇಳಿ ತಡೆದರು, ಕಾನೂನು ಏನು ಹೇಳುತ್ತೆ: ಇಷ್ಟನ್ನೂ ಒಂದು ವಿಶೇಷಣವೂ ಇಲ್ಲದೆ ಬರೆಯಬಹುದು. ಹಾಗೆ ಬರೆದ ವರದಿ ಆಕ್ರೋಶದ ವರದಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ, ಯಾಕಂದ್ರೆ ಅಲ್ಲಗಳೆಯಲು ಅದರಲ್ಲಿ ಸಡಿಲ ಪದ ಸಿಗಲ್ಲ.

ನಮ್ಮ ರಾಜ್ಯದ ಒಂದು ಕಾನೂನೇ ಇದಕ್ಕೆ ಮಾದರಿ. ಜನರ ಬಾಯಲ್ಲಿ ಅದು 'ಮೌಢ್ಯ ನಿಷೇಧ ಕಾಯ್ದೆ'. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಆ ಕಾಯ್ದೆಯ ಹೆಸರಿನಲ್ಲಿ 'ಮೌಢ್ಯ' ಎಂಬ ಪದವೇ ಇಲ್ಲ. ಅಮಾನವೀಯ ಅನಿಷ್ಟ ಪದ್ಧತಿ, ವಾಮಾಚಾರ ಅಂತಿದೆ. ಯಾವ ಕೃತ್ಯ ಅಪರಾಧ ಅಂತ ಅದು ಪಟ್ಟಿ ಮಾಡುತ್ತದೆ, ಯಾವ ನಂಬಿಕೆ ಮೂರ್ಖತನ ಅಂತ ಹೇಳಲು ಹೋಗೋದಿಲ್ಲ. ವರದಿಗಾರರ ಕೆಲಸವೂ ಸುಮಾರಾಗಿ ಇದೇ. 'ಮೂಢನಂಬಿಕೆ' ಅಂತ ಬರೆದರೆ ಓದುಗರು ತಮ್ಮದಲ್ಲದ ನಂಬಿಕೆಯನ್ನು ನೆನೆದು ನಗ್ತಾರೆ. ಕೃತ್ಯವನ್ನು, ಅದರಿಂದ ನೊಂದವರನ್ನು ಬರೆದರೆ ನಗುವವರು ಕಡಿಮೆ.

ಧರ್ಮದ ವರದಿ ಕೈಗೆ ಬಂದಾಗ ಕೇಳಿಕೊಳ್ಳಬೇಕಾದ್ದು ಕೆಲವೇ ಪ್ರಶ್ನೆ. ಇದು ಕಂಡದ್ದೋ, ಕೇಳಿದ್ದೋ? ಕೇಳಿದ್ದಾದರೆ ಯಾರಿಂದ? ಇನ್ನೊಂದು ಧರ್ಮದವರಿಗೂ ಇದೇ ಪದ, ಇದೇ ವಚನ ಬಳಸುತ್ತಿದ್ದೆನಾ? ಆ ಸಮುದಾಯದವರೊಬ್ಬರು ಇದನ್ನು ಓದಿ 'ಒಪ್ಪಲ್ಲ, ಆದರೆ ನಮ್ಮ ಮಾತನ್ನು ಸರಿಯಾಗಿ ಬರೆದಿದ್ದಾರೆ' ಅಂತ ಹೇಳಬಹುದಾ? ಎಡೆಯೂರಿನ ಭಕ್ತರು, ಗುಬ್ಬಿಯ ಚರ್ಚಿಗೆ ಹೋಗುವವರು, ತುಮಕೂರಿನ ಮಸೀದಿಯಿಂದ ನಮಾಜ್ ಮುಗಿಸಿ ಬರುವವರು, ದೇವರೇ ಇಲ್ಲ ಅನ್ನುವವರು, ಎಲ್ಲರೂ ಮೊಬೈಲಿನಲ್ಲಿ ಓದೋದು ಅದೇ ಸುದ್ದಿಯನ್ನು.